ಪರದೇಶದ ತರಗತಿಯಿಂದ ಹೊರಡುವುದನ್ನೂ ಕಲಿಸಿ: ಶಿಕ್ಷಣ ಮಹಾವಿದ್ಯಾಲಯಗಳಿಗೆ ಒಂದು ಬಹಿರಂಗ ಪತ್ರ

ಬೋಧನಾಭ್ಯಾಸಕ್ಕಾಗಿ ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳುಹಿಸುತ್ತಿರುವ ಹಾಗೂ ಕಳುಹಿಸಲು ಯೋಚಿಸುತ್ತಿರುವ ಶಿಕ್ಷಣ ಮಹಾವಿದ್ಯಾಲಯಗಳ ಪ್ರಾಂಶುಪಾಲರಿಗೆ, ಮತ್ತು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಅಧಿಕಾರಿಗಳಿಗೆ,

ಮಾನ್ಯರೇ,

ಭೂತಾನಿನ ಪಾರೊ ಕಣಿವೆಯ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಗಣಿತ ಕಲಿಸಿ ಈಚೆಗಷ್ಟೇ ಕರ್ನಾಟಕಕ್ಕೆ ಮರಳಿರುವ ಬಿ.ಇಡಿ. ಪ್ರಶಿಕ್ಷಣಾರ್ಥಿ ನಾನು. ಬೇರೆ ದೇಶದ ಶಾಲೆಗೆ ಹೋಗುವುದು ಹೇಗೆ, ಅಲ್ಲಿ ನಡೆದುಕೊಳ್ಳುವುದು ಹೇಗೆ, ಪಾಠ ಮಾಡುವುದು ಹೇಗೆ ಎಂಬುದನ್ನು ನಮಗೆ ಶ್ರದ್ಧೆಯಿಂದ ಹೇಳಿಕೊಡಲಾಗುತ್ತದೆ. ಅಲ್ಲಿಂದ ಹೊರಡುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈ ಕೊರತೆ ನಮಗಿಂತ ಹೆಚ್ಚಾಗಿ ನಾವು ಬಿಟ್ಟುಬರುವ ಮಕ್ಕಳನ್ನು ತಟ್ಟುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲು, ಮತ್ತು ಅದನ್ನು ಸರಿಪಡಿಸಲು ತಮ್ಮಿಂದ ಆಗಬಹುದಾದದ್ದನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿಗಷ್ಟೇ ಒಂದು ವರದಿ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಇಂಥ ಪ್ರವಾಸಗಳು ಇನ್ನು ಹೆಚ್ಚುತ್ತಲೇ ಹೋಗುವ ಸೂಚನೆಗಳಿರುವುದರಿಂದ ಇದನ್ನು ಎಲ್ಲರೆದುರು ಇಡುವುದೇ ಸರಿಯೆಂದು ನನಗೆ ತೋರಿತು.

ಪರಿಷತ್ತಿನ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸ್ ಆದಾಗ ಶಾಲೆಯೊಳಗಿನ ಕೆಲಸಕ್ಕೆ ಒಟ್ಟು 20 ವಾರಗಳನ್ನು, ಅಂದರೆ ಮೊದಲ ವರ್ಷ 4 ಮತ್ತು ಎರಡನೆಯ ವರ್ಷ 16 ವಾರಗಳನ್ನು ನಿಗದಿಪಡಿಸಲಾಯಿತು. ಒಳ್ಳೆಯ ನಿರ್ಧಾರವದು. ನಾಲ್ಕಾರು ಪಾಠ ಮಾಡಿ, ವೀಕ್ಷಕರಿಂದ ಸಹಿ ಹಾಕಿಸಿಕೊಂಡು ಬರುವ ಹಳೆಯ ಪದ್ಧತಿಯಲ್ಲಿ ಮಕ್ಕಳಿಗೂ ನಮಗೂ ಪರಿಚಯವೇ ಆಗುತ್ತಿರಲಿಲ್ಲ. ಈಗ ವಾರಗಟ್ಟಲೆ ಒಂದೇ ಶಾಲೆಯಲ್ಲಿರುವುದರಿಂದ ಯಾವ ಮಗು ಕಿಟಕಿಯ ಪಕ್ಕ ಕೂತರೆ ಪಾಠ ಕೇಳುವುದಿಲ್ಲ, ಯಾವ ಮಗು ಗುಣಾಕಾರದಲ್ಲಿ ದಶಕ ಬರೆಯಲು ಮರೆಯುತ್ತದೆ ಎಂಬುದೂ ತಿಳಿದಿರುತ್ತದೆ. ಮಕ್ಕಳೂ ನಮ್ಮನ್ನು ಅಷ್ಟೇ ಅರಿತಿರುತ್ತಾರೆ. ಸಂಬಂಧ ಬೆಳೆಯಲೆಂದೇ ಅವಧಿಯನ್ನು ಹೆಚ್ಚಿಸಿದ ಮೇಲೆ, ಆ ಸಂಬಂಧವನ್ನು ಕೊನೆಗೊಳಿಸುವ ಹೊಣೆಯನ್ನೂ ಯಾರಾದರೂ ಹೊರಬೇಕಲ್ಲವೆ?

1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಅಣುಬೋಧನೆಯ ಪದ್ಧತಿಯನ್ನು ನಮ್ಮ ಕಾಲೇಜುಗಳೆಲ್ಲ ಇಂದಿಗೂ ಅನುಸರಿಸುತ್ತವೆ. ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆಯನ್ನು ಬಳಸುವುದು ಎಂದು ಬೋಧನೆಯನ್ನು ಬಿಡಿ ಕೌಶಲಗಳಾಗಿ ಒಡೆದು, ಒಂದೊಂದನ್ನೂ ಕೆಲವೇ ನಿಮಿಷಗಳ ಪಾಠದಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಅವುಗಳಲ್ಲಿ ಪಾಠದ ಮುಕ್ತಾಯವೂ ಒಂದು ಕೌಶಲ. ಗಂಟೆ ಬಾರಿಸಿತೆಂದು ಪುಸ್ತಕ ಮುಚ್ಚಿ ಹೊರಡಬಾರದು, ಕಲಿತದ್ದನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು, ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಹಾಕಿಕೊಡಬೇಕು ಎಂದು ನಮ್ಮ ಅಧ್ಯಾಪಕರು ಎಷ್ಟು ಕಟ್ಟುನಿಟ್ಟಾಗಿ ತಿದ್ದುತ್ತಾರೆಂದರೆ, ಮುಕ್ತಾಯ ಸರಿಯಿಲ್ಲದ ಪಾಠಕ್ಕೆ ಅಂಕ ಕಡಿಮೆಯಾಗುವುದು ಖಚಿತ. ನಲವತ್ತು ನಿಮಿಷದ ಪಾಠಕ್ಕೆ ಇಷ್ಟು ಮುತುವರ್ಜಿ ವಹಿಸುವ ನಾವು ಒಂದು ಇಡೀ ಅವಧಿಯ ಮುಕ್ತಾಯವನ್ನು ಕೊನೆಯ ದಿನದ ಸಮಾರಂಭಕ್ಕೆ ಬಿಟ್ಟುಬಿಟ್ಟಿದ್ದೇವೆ. ನನಗೆ ಕೊಟ್ಟ ಮೌಲ್ಯಮಾಪನದ ನಮೂನೆಯಲ್ಲಿ ಪಾಠಯೋಜನೆಗೆ, ಬೋಧನೋಪಕರಣಕ್ಕೆ, ದಿನಚರಿಗೆ, ಸಹಪಠ್ಯ ಚಟುವಟಿಕೆಗೆ ಅಂಕಗಳಿದ್ದವು. ತರಗತಿಯನ್ನು ಅದರ ಖಾಯಂ ಶಿಕ್ಷಕರಿಗೆ ಹೇಗೆ ಒಪ್ಪಿಸಿ ಬಂದೆ ಎಂದು ಕೇಳುವ ಒಂದು ಸಾಲೂ ಇರಲಿಲ್ಲ.

ಭೂತಾನಿನಂಥ ದೇಶಕ್ಕೆ ಹೋದಾಗ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಆ ದೇಶದ ಆಧುನಿಕ ಶಾಲೆಗಳ ಚರಿತ್ರೆಯಲ್ಲಿ ಹೊರಗಿನಿಂದ ಬಂದ ಶಿಕ್ಷಕರಿಗೆ ದೊಡ್ಡ ಪಾಲಿದೆ. 1961ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದಾಗ, ಮೂರನೆಯ ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ ಅವರ ಆಡಳಿತ ಭಾರತದಿಂದ ಶಿಕ್ಷಕರನ್ನು ಕರೆಸಿಕೊಂಡಿತು. ಹಿಂದಿಯಲ್ಲಿ ನಡೆಯುತ್ತಿದ್ದ ಪಾಠಗಳು ಆ ದಶಕದಲ್ಲೇ ಇಂಗ್ಲಿಷಿಗೆ ಹೊರಳಿದವು. ಕೇರಳವೂ ಸೇರಿ ಹಲವು ರಾಜ್ಯಗಳಿಂದ ಹೋದವರು, ಮೋಟಾರು ರಸ್ತೆಯೇ ಇಲ್ಲದ ಕಣಿವೆಗಳಿಗೆ ನಡೆದು ತಲುಪಿ, ವರ್ಷಗಟ್ಟಲೆ ಅಲ್ಲೇ ನೆಲೆಸಿ ಕಲಿಸಿದರು. ಕೆನಡಾದ ಜೆಸ್ವಿಟ್ ಪಾದ್ರಿ ವಿಲಿಯಂ ಮ್ಯಾಕಿ 1963ರಲ್ಲಿ ಭೂತಾನಿಗೆ ಬಂದು, ಪೂರ್ವದ ತ್ರಾಶಿಗಾಂಗ್‌ನಲ್ಲಿ ಶಾಲೆ ತೆರೆದು, ಕಾಂಗ್ಲುಂಗ್‌ನ ಶೆರುಬ್‌ತ್ಸೆ ವಿದ್ಯಾಸಂಸ್ಥೆಯನ್ನು ಬೆಳೆಸಿ, 1985ರಲ್ಲಿ ಅಲ್ಲಿನ ಪೌರತ್ವ ಪಡೆದು, 1995ರಲ್ಲಿ ಅಲ್ಲಿಯೇ ತೀರಿಕೊಂಡರು. ನಾನು ಪಾಠ ಮಾಡಿದ ಶಾಲೆಯ ಹಿರಿಯ ಶಿಕ್ಷಕರೊಬ್ಬರು ತಮಗೆ ಬಾಲ್ಯದಲ್ಲಿ ಗಣಿತ ಕಲಿಸಿದ ಮಲಯಾಳಿ ಮೇಷ್ಟರನ್ನು ಈಗಲೂ ದಿನಕ್ಕೊಮ್ಮೆ ನೆನೆಯುತ್ತಾರೆ. ಭಾರತದ ಶಿಕ್ಷಕರೆಂದರೆ ಅಲ್ಲಿನ ಹಿರಿಯರ ಮನಸ್ಸಿನಲ್ಲಿ ಮೂಡುವುದು ಬಂದು ಉಳಿದವರ ಚಿತ್ರ. ನಾವಾದರೋ ಹಿಂತಿರುಗುವ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ ಹೋಗುವವರು. ಅವರಿಗೆ ಸಂದ ಗೌರವವೇ ನಮಗೂ ಸಲ್ಲುತ್ತದೆ, ಅದಕ್ಕೆ ತಕ್ಕ ಎಚ್ಚರವನ್ನಾದರೂ ನಾವು ತೋರಬೇಕು.

ಇಂದಿನ ಪರಿಸ್ಥಿತಿಯನ್ನೂ ನೋಡಬೇಕು. 2019ರ ವೇತನ ಪರಿಷ್ಕರಣೆಯಲ್ಲಿ ಭೂತಾನ್ ಸರ್ಕಾರ ತನ್ನ ಶಿಕ್ಷಕರಿಗೆ ಇತರ ನಾಗರಿಕ ಸೇವಾ ನೌಕರರಿಗಿಂತ ಹೆಚ್ಚಿನ ಸಂಬಳ ಕೊಡುವ ತೀರ್ಮಾನ ಮಾಡಿತು. ನಮ್ಮ ಉಪಖಂಡದಲ್ಲಿ ಇದು ಸಣ್ಣ ಮಾತಲ್ಲ. ಅಷ್ಟಾದರೂ, ಕೋವಿಡ್ ನಂತರದ ವರ್ಷಗಳಲ್ಲಿ ಅಲ್ಲಿನ ಯುವಜನರು ಆಸ್ಟ್ರೇಲಿಯಕ್ಕೆ, ಅದರಲ್ಲೂ ಪರ್ತ್ ನಗರಕ್ಕೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋಗತೊಡಗಿದಾಗ ಅವರಲ್ಲಿ ಶಿಕ್ಷಕರೂ ಬಹಳ ಮಂದಿಯಿದ್ದರು. ಹೀಗಾಗಿ ಆ ಮಕ್ಕಳು ವಿದಾಯಕ್ಕೆ ಹೊಸಬರಲ್ಲ. ಕೆಲವರ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹೊರಗೆ ಹೋಗಿ, ಅಜ್ಜಿಯೇ ಮಕ್ಕಳನ್ನು ಸಾಕುತ್ತಿದ್ದಾರೆ. ನಾವು ಹೋದ ಮೊದಲ ದಿನವೇ ಅಲ್ಲಿನ ಪ್ರಾಂಶುಪಾಲರು ನಮ್ಮನ್ನು ಕೂರಿಸಿಕೊಂಡು, ಈ ವರ್ಷ ಆರನೆಯ ತರಗತಿ ಆಗಲೇ ತನ್ನ ಇಬ್ಬರು ಶಿಕ್ಷಕರನ್ನು ಕಳುಹಿಸಿಕೊಟ್ಟಿದೆ, ನೀವು ಮೂರನೆಯವರಾಗುತ್ತೀರಿ, ಆದ್ದರಿಂದ ನೀವು ಹೊರಡುವ ದಿನಾಂಕವನ್ನು ಇವತ್ತೇ ಮಕ್ಕಳಿಗೆ ಹೇಳಿಬಿಡಿ ಎಂದರು. ನಾವು ಹಾಗೆಯೇ ಮಾಡಿದೆವು. ತರಗತಿಯ ಗೋಡೆಯ ಕ್ಯಾಲೆಂಡರಿನಲ್ಲಿ ವಾರ್ಷಿಕ ಪರೀಕ್ಷೆಯ ದಿನಗಳ ಜೊತೆಗೆ ನಾನು ಹೊರಡುವ ದಿನವೂ ಮೊದಲಿನಿಂದಲೇ ಇತ್ತು. ಈ ಬುದ್ಧಿವಂತಿಕೆಗಾಗಿ ನಾನು ಆ ಪ್ರಾಂಶುಪಾಲರಿಗೆ ಸದಾ ಋಣಿ. ಆದರೆ ಇದನ್ನು ಅವರು ಹೇಳಬೇಕಾಗಿರಲಿಲ್ಲ, ನಾವೇ ಕಲಿತು ಹೋಗಿರಬೇಕಿತ್ತು ಎಂಬುದೂ ನಿಜ.

ನಾನು ಅಲ್ಲಿದ್ದದ್ದು ಶರತ್ಕಾಲದಲ್ಲಿ. ಪಾರೊ ಕಣಿವೆಯಲ್ಲಿ ಕೆಂಪು ಅಕ್ಕಿಯ ಗದ್ದೆಗಳು ಕೊಯ್ಲಿಗೆ ಬಂದಿದ್ದವು, ಮನೆಗಳ ಮಾಳಿಗೆಗಳ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಅಲ್ಲಿನ ಸಾಂಪ್ರದಾಯಿಕ ಉಡುಪುಗಳಾದ ಗೋ ಮತ್ತು ಕಿರಾ ತೊಟ್ಟ ಮಕ್ಕಳು ಬೆಳಗಿನ ಚಳಿಯಲ್ಲಿ ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಭೂತಾನಿನ ರಾಷ್ಟ್ರಭಾಷೆಯಾದ ಝೋಂಖಾ ವಿಷಯವೊಂದನ್ನು ಬಿಟ್ಟರೆ ಉಳಿದ ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಭಾಷೆಯ ತೊಡಕು ನಾನು ಅಂದುಕೊಂಡಷ್ಟು ಇರಲಿಲ್ಲ. ತೊಡಕಿದ್ದದ್ದು ಭಿನ್ನರಾಶಿಯಲ್ಲಿ, ಮತ್ತು ಅದು ಎಲ್ಲ ದೇಶದ ಆರನೆಯ ತರಗತಿಯಲ್ಲೂ ಇರುವಂಥದೇ. ಅದನ್ನು ದಾಟಲು ದಾರಿ ತೋರಿಸಿದವರು ಮಕ್ಕಳೇ. ಝೋಂಖಾದ ಸಾಂಪ್ರದಾಯಿಕ ಎಣಿಕೆ ಇಪ್ಪತ್ತರ ಗುಂಪುಗಳಲ್ಲಿ ನಡೆಯುತ್ತದೆ. ನಲವತ್ತೆಂದರೆ ಎರಡು ಇಪ್ಪತ್ತು, ಮೂವತ್ತೆಂದರೆ ಎರಡನೆಯ ಇಪ್ಪತ್ತು ಅರ್ಧಕ್ಕೆ ಬಂದದ್ದು. ಮನೆಯಲ್ಲಿ ಅಜ್ಜಿ ಹೀಗೆ ಎಣಿಸುತ್ತಾಳೆಂದು ಒಬ್ಬ ಹುಡುಗಿ ಎದ್ದುನಿಂತು ಹೇಳಿದಾಗ, ಅರ್ಧವೆಂಬುದನ್ನು ಸಂಖ್ಯೆಯೊಳಗೇ ಇಟ್ಟುಕೊಂಡಿರುವ ಮಕ್ಕಳಿಗೆ ಭಿನ್ನರಾಶಿಯನ್ನು ಹೊಸದೆಂಬಂತೆ ಕಲಿಸಬೇಕಾಗಿಲ್ಲ ಎಂದು ನನಗೆ ಹೊಳೆಯಿತು. ಮುಂದಿನ ಪಾಠಗಳೆಲ್ಲ ಆ ಅಜ್ಜಿಯ ಎಣಿಕೆಯಿಂದಲೇ ಶುರುವಾದವು. ಮೆಣಸಿನಕಾಯಿ, ಸೇಬು, ಅಕ್ಕಿ ಅಳೆಯುವ ಪಾತ್ರೆ, ಎಲ್ಲವೂ ಇಪ್ಪತ್ತಾಗಿ, ಅರ್ಧವಾಗಿ, ಕಾಲಾಗಿ ಕಪ್ಪುಹಲಗೆಗೆ ಬಂದವು.

ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹೀಗೆ ಕಲಿಸುವವರು ಮಧ್ಯದಲ್ಲಿ ಎದ್ದುಹೋದರೆ ಮಕ್ಕಳಿಗೆ ನಷ್ಟವಾಗುವುದು ವ್ಯಕ್ತಿಯೊಬ್ಬರ ಸಹವಾಸವಷ್ಟೇ ಅಲ್ಲ, ಪಾಠದ ಒಂದು ದಾರಿ ಕೂಡ. ಮರುದಿನ ತರಗತಿಗೆ ಬರುವ ಖಾಯಂ ಶಿಕ್ಷಕರಿಗೆ ಈ ಎಣಿಕೆಯ ಕತೆ ಗೊತ್ತಿರದಿದ್ದರೆ ಅವರು ಪಠ್ಯಪುಸ್ತಕದ ಮೊದಲ ಪುಟದಿಂದ ಆರಂಭಿಸುತ್ತಾರೆ. ಆಗ ಮಕ್ಕಳು ಸಹಜವಾಗಿಯೇ ಹೋದವರನ್ನೂ ಇರುವವರನ್ನೂ ಹೋಲಿಸತೊಡಗುತ್ತಾರೆ, ಮತ್ತು ಆ ಹೋಲಿಕೆಯಲ್ಲಿ ಇರುವವರಿಗೆ ಅನ್ಯಾಯವಾಗುತ್ತದೆ. ವರ್ಷವಿಡೀ, ಚಳಿಯಲ್ಲೂ ಮಳೆಯಲ್ಲೂ, ನಲವತ್ತು ಬಗೆಯ ಕೆಲಸಗಳ ನಡುವೆ ಪಾಠ ಮಾಡುವ ಶಿಕ್ಷಕರೆದುರು, ದಿನಕ್ಕೆ ಎರಡು ಮೂರು ತರಗತಿ ಮಾತ್ರ ತೆಗೆದುಕೊಂಡು ಉಳಿದ ಹೊತ್ತೆಲ್ಲ ಚಾರ್ಟು ಬರೆಯುತ್ತಿದ್ದ ನಾವು ಉತ್ಸಾಹಿಗಳಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ನಾವು ಹೊರಡುವ ರೀತಿಯು ಆ ಶಿಕ್ಷಕರ ಗೌರವವನ್ನು ಕಾಯಬೇಕು. ಅದಕ್ಕಾಗಿ ಕೊನೆಯ ಎರಡು ವಾರಗಳಲ್ಲಿ ನನ್ನ ಪಾಠಗಳನ್ನು ಅವರ ಜೊತೆಗೂಡಿಯೇ ಮಾಡಿದೆ. ಮೊದಲಿಗೆ ನಾನು ಕಲಿಸಿ ಅವರು ಅಭ್ಯಾಸ ಮಾಡಿಸಿದರು, ಆಮೇಲೆ ಅವರು ಕಲಿಸಿ ನಾನು ಬೆಂಚುಗಳ ನಡುವೆ ಓಡಾಡುತ್ತ ಲೆಕ್ಕ ತಿದ್ದಿದೆ. ಕೊನೆಯ ದಿನದ ತರಗತಿ ಪೂರ್ತಿ ಅವರದಾಗಿತ್ತು. ಭಿನ್ನರಾಶಿಯ ಸಂಕಲನವನ್ನು ಅವರು ಅಜ್ಜಿಯ ಎಣಿಕೆಯಲ್ಲೇ ವಿವರಿಸುತ್ತಿದ್ದಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ, ಮತ್ತು ಮಕ್ಕಳಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ಇಡೀ ಅವಧಿಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ತರಗತಿ ಅದು.

ಇನ್ನು ಬೀಳ್ಕೊಡುಗೆಯ ಸಮಾರಂಭ. ಅತಿಥಿಗಳನ್ನು ಕಳುಹಿಸಿಕೊಡುವುದರಲ್ಲಿ ಭೂತಾನಿನವರ ಔದಾರ್ಯ ದೊಡ್ಡದು. ಕೊರಳಿಗೆ ಖದರ್ ಎಂಬ ಬಿಳಿಯ ಗೌರವದ ಶಾಲು ಹಾಕಿ, ಬೆಣ್ಣೆಯ ಚಹಾ ಮತ್ತು ಕೇಸರಿ ಹಾಕಿದ ಸಿಹಿ ಅನ್ನ ಬಡಿಸಿ, ಮಕ್ಕಳಿಂದ ಹಾಡು ನೃತ್ಯ ಮಾಡಿಸಿ, ನಮ್ಮನ್ನು ನಿಜವಾಗಿಯೂ ಮನೆಮಕ್ಕಳಂತೆ ಕಳುಹಿಸಿಕೊಟ್ಟರು. ಅದನ್ನು ಬೇಡವೆನ್ನುವ ಹಕ್ಕು ಹೋದವರಿಗಿಲ್ಲ. ಆದರೆ ಅಂಥ ಸಮಾರಂಭದ ನಡುವಿನಲ್ಲಿ ನಿಲ್ಲುವವರು ಹೊರಡುವವರೇ ಆಗಿರುತ್ತಾರೆ, ಮಕ್ಕಳು ನಮ್ಮ ವಿದಾಯಕ್ಕೆ ಶೋಭೆ ತರುವವರಾಗಿ ಬಿಡುತ್ತಾರೆ ಎಂಬುದನ್ನು ಮರೆಯಬಾರದು. ಅಳುವ ಮಕ್ಕಳನ್ನು ಅಪ್ಪಿಕೊಂಡು ತೆಗೆಸಿಕೊಂಡ ಚಿತ್ರಗಳು ಸಂಜೆಯೊಳಗೆ ಸಾಮಾಜಿಕ ಜಾಲತಾಣಗಳಿಗೆ ಏರುತ್ತವೆ, ಅಲ್ಲಿಂದ ಕಾಲೇಜಿನ ಪ್ರಚಾರ ಪತ್ರಿಕೆಗೂ ಹೋಗುತ್ತವೆ. ಯಾರ ಮಗು, ಅದರ ತಂದೆ ತಾಯಿ ಒಪ್ಪಿದ್ದಾರೆಯೇ, ಆ ಮಗು ಅಳುತ್ತಿರುವುದು ಯಾರನ್ನು ನೆನೆದು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ನಮ್ಮೂರಿನ ಮಕ್ಕಳ ಕಣ್ಣೀರನ್ನು ಬೇರೆ ದೇಶದವರು ಬಂದು ಹೀಗೆ ಬಳಸಿಕೊಂಡರೆ ನಾವು ಖಂಡಿತ ಆಕ್ಷೇಪಿಸುತ್ತೇವೆ. ಮಕ್ಕಳು ಪ್ರವಾಸಿಗರ ಆಕರ್ಷಣೆಗಳಲ್ಲ ಎಂಬ ಘೋಷಣೆಯೊಂದಿಗೆ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ ಆಗ್ನೇಯ ಏಷ್ಯದ ಅನಾಥಾಲಯಗಳ ಸಂದರ್ಭದಲ್ಲಿ ಒಂದು ಆಂದೋಲನ ನಡೆಸಿತ್ತು. ಅನಾಥಾಲಯವೂ ಶಾಲೆಯೂ ಒಂದೇ ಅಲ್ಲ, ಮತ್ತು ಪ್ರಶಿಕ್ಷಣಾರ್ಥಿಗಳು ಪ್ರವಾಸಿಗರೂ ಅಲ್ಲ. ಆದರೂ ಸ್ವಲ್ಪ ಕಾಲ ಬಂದು, ಒಲವು ಬೆಳೆಸಿ, ಹೊರಟುಹೋಗುವವರ ಸಾಲು ಮಕ್ಕಳ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಮಾತು ಕೊಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ. ಹೊರಡುವ ಗಳಿಗೆಯಲ್ಲಿ, ಮಕ್ಕಳು ಕೈ ಹಿಡಿದು ಮತ್ತೆ ಯಾವಾಗ ಬರುತ್ತೀರೆಂದು ಕೇಳುವಾಗ, ಮುಂದಿನ ವರ್ಷ ಬರುತ್ತೇನೆಂದು ಹೇಳಿಬಿಡುವುದು ಬಹಳ ಸುಲಭ. ಹೇಳುವವರು ಆ ಗಳಿಗೆಯಲ್ಲಿ ಪ್ರಾಮಾಣಿಕರಾಗಿಯೇ ಇರುತ್ತಾರೆ. ಆದರೆ ಪರೀಕ್ಷೆ, ಫಲಿತಾಂಶ, ಶಿಕ್ಷಕರ ಅರ್ಹತಾ ಪರೀಕ್ಷೆ, ಕೆಲಸದ ಹುಡುಕಾಟ, ಮನೆಯ ಜವಾಬ್ದಾರಿ, ಇವುಗಳ ನಡುವೆ ನಮ್ಮಲ್ಲಿ ಎಷ್ಟು ಮಂದಿ ಮತ್ತೆ ಹಿಮಾಲಯದ ಆ ಕಣಿವೆಗೆ ಹೋಗಬಲ್ಲೆವು? ಹತ್ತು ಹನ್ನೊಂದು ವರ್ಷದ ಮಕ್ಕಳು ಮಾತನ್ನು ಮಾತೆಂದೇ ತೆಗೆದುಕೊಳ್ಳುತ್ತಾರೆ. ಬರಲಾಗುವುದಿಲ್ಲವೆಂದು ಮೆದುವಾಗಿ, ನೇರವಾಗಿ ಹೇಳುವುದರಿಂದ ಆ ದಿನ ನೋವಾಗುತ್ತದೆ. ಸುಳ್ಳು ಮಾತಿನಿಂದ ಒಂದು ವರ್ಷ ಕಾಯುವಂತಾಗುತ್ತದೆ. ಫೋನ್ ಸಂಖ್ಯೆಗಳ ವಿಷಯವೂ ಹೀಗೆಯೇ. ಭೂತಾನಿನಲ್ಲಿ ಪೋಷಕರ ಗುಂಪುಗಳು ಹೆಚ್ಚಾಗಿ ವೀಚಾಟ್‌ನಲ್ಲಿರುತ್ತವೆ, ಮಕ್ಕಳೂ ಮನೆಯವರ ಫೋನಿನಿಂದ ಸಂದೇಶ ಕಳುಹಿಸಬಲ್ಲರು. ಮೊದಲ ತಿಂಗಳು ಉತ್ಸಾಹದಿಂದ ಉತ್ತರಿಸಿ, ಎರಡನೆಯ ತಿಂಗಳು ತಡಮಾಡಿ, ಮೂರನೆಯ ತಿಂಗಳು ಮೌನವಾಗುವುದಕ್ಕಿಂತ, ವೈಯಕ್ತಿಕ ಸಂಪರ್ಕವನ್ನು ಬೆಳೆಸದೆ ಶಾಲೆಯ ಮೂಲಕವೇ ಪತ್ರ ಬರೆಯುವುದು ಮಕ್ಕಳ ಸುರಕ್ಷತೆಗೂ ಮನಸ್ಸಿಗೂ ಒಳ್ಳೆಯದು. ನಾವು ಹಾಗೆಯೇ ನಿಶ್ಚಯಿಸಿದ್ದೇವೆ. ನಾವು ತಂಡವಾಗಿ ತರಗತಿಗೆ ಬರೆದ ಮೊದಲ ಪತ್ರವನ್ನು ಅವರ ಶಿಕ್ಷಕರು ಓದಿ ಹೇಳಿದರೆಂದು ತಿಳಿದಿದೆ.

ವಿದಾಯ ಸಹಜವಾಗಿ ಆಗಬೇಕು, ಅದಕ್ಕೂ ನಿಯಮ ಮಾಡಿದರೆ ಭಾವನೆಯೇ ಸತ್ತುಹೋಗುತ್ತದೆ ಎಂದು ನಮ್ಮ ಅಧ್ಯಾಪಕರೊಬ್ಬರು ನನ್ನೊಡನೆ ವಾದಿಸಿದರು. ಅವರ ಮೇಲೆ ನನಗೆ ಬಹಳ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆ. ಭಾವನೆಯನ್ನು ಯಾರೂ ತಡೆಯುತ್ತಿಲ್ಲ, ನಾನೂ ಅತ್ತಿದ್ದೇನೆ. ಆದರೆ ನಾವು ಅಲ್ಲಿಗೆ ಹೋದದ್ದು ನಮ್ಮ ಕಲಿಕೆಗಾಗಿ, ನಮ್ಮ ಅಂಕಪಟ್ಟಿಗಾಗಿ. ಆ ಶಾಲೆ ನಮ್ಮನ್ನು ಕರೆದದ್ದಲ್ಲ, ನಮ್ಮ ಕಾಲೇಜು ಕೇಳಿಕೊಂಡಾಗ ಒಪ್ಪಿದ್ದು. ಇನ್ನೊಬ್ಬರ ಮಕ್ಕಳ ಸಮಯವನ್ನು ನಮ್ಮ ಅಭ್ಯಾಸಕ್ಕೆಂದು ಪಡೆದುಕೊಂಡವರು ಅದನ್ನು ಹಿಂದಿರುಗಿಸುವಾಗ ಶಿಸ್ತು ತೋರಬೇಕೆಂದು ಕೇಳುವುದು ಭಾವನೆಗೆ ವಿರುದ್ಧವಾದದ್ದಲ್ಲ.

ಕರ್ನಾಟಕದ ಶಾಲೆಗಳಿಗೂ ಈ ಮಾತು ಸಲ್ಲುತ್ತದೆ. ವರ್ಗಾವಣೆಯಾದ ಶಿಕ್ಷಕರ ಸುತ್ತ ಮಕ್ಕಳು ನೆರೆದು ಅಳುವ ದೃಶ್ಯಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ, ಅತಿಥಿ ಶಿಕ್ಷಕರು ಶೈಕ್ಷಣಿಕ ವರ್ಷದ ಕೊನೆಗೆ ಮರಳುವ ಭರವಸೆಯಿಲ್ಲದೆ ಹೊರಡುತ್ತಾರೆ, ಬಿ.ಇಡಿ. ಕಾಲೇಜುಗಳ ಹತ್ತಿರವಿರುವ ಪ್ರೌಢಶಾಲೆಗಳ ಮಕ್ಕಳು ವರ್ಷವರ್ಷವೂ ಹೊಸ ಬ್ಯಾಚನ್ನು ನೋಡುತ್ತಾರೆ. ಅವುಗಳ ಕಾರಣಗಳೂ ಪರಿಹಾರಗಳೂ ಬೇರೆಯವಾದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೊರದೇಶದ ವಿಷಯದಲ್ಲಿ ಒಂದು ವ್ಯತ್ಯಾಸವಿದೆ: ಊರಿನ ಶಾಲೆಯ ಮಕ್ಕಳು ಬಸ್‌ ನಿಲ್ದಾಣದಲ್ಲೋ ಜಾತ್ರೆಯಲ್ಲೋ ನಮಗೆ ಮತ್ತೆ ಸಿಗಬಹುದು, ಪಾರೊದ ಮಕ್ಕಳು ಸಿಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಹೊರದೇಶದ ಬೋಧನಾಭ್ಯಾಸಕ್ಕೆ ಒಪ್ಪಂದ ಮಾಡಿಕೊಳ್ಳುವಾಗ ಹೊರಡುವ ದಿನಾಂಕವನ್ನು ನಮ್ಮ ಸೆಮಿಸ್ಟರಿನ ಅನುಕೂಲಕ್ಕಲ್ಲದೆ ಆ ಶಾಲೆಯ ವರ್ಷಕ್ಕೆ ಹೊಂದಿಸಿ ನಿಗದಿಪಡಿಸಿ. ಭೂತಾನಿನ ಶಾಲೆಗಳು ಚಳಿಗಾಲದಲ್ಲಿ ಮುಚ್ಚಿ, ಫೆಬ್ರವರಿಯಲ್ಲಿ ಆರಂಭವಾಗಿ ಡಿಸೆಂಬರಿಗೆ ಮುಗಿಯುತ್ತವೆ; ಅಲ್ಲಿ ವಾರ್ಷಿಕ ಪರೀಕ್ಷೆಗೆ ಸ್ವಲ್ಪವೇ ಮುಂಚೆ ತರಗತಿಯನ್ನು ಬಿಟ್ಟುಬರುವಂತೆ ನಮ್ಮ ವೇಳಾಪಟ್ಟಿ ಇದ್ದದ್ದು ಯಾರಿಗೂ ಒಳ್ಳೆಯದಾಗಿರಲಿಲ್ಲ. ಕೊನೆಯ ಎರಡು ವಾರಗಳನ್ನು ಖಾಯಂ ಶಿಕ್ಷಕರೊಂದಿಗೆ ಕೂಡಿ ಪಾಠ ಮಾಡುವ ಅವಧಿಯೆಂದು ಘೋಷಿಸಿ, ಹಸ್ತಾಂತರದ ಟಿಪ್ಪಣಿಯನ್ನು, ಎಂದರೆ ಎಲ್ಲಿಯವರೆಗೆ ಕಲಿಸಿದೆ, ಯಾವ ಮಗುವಿಗೆ ಏನು ಬಾಕಿ ಉಳಿದಿದೆ, ಯಾವ ಉದಾಹರಣೆ ಫಲಿಸಿತು ಎಂಬುದನ್ನು, ಮೌಲ್ಯಮಾಪನದ ಭಾಗವಾಗಿಸಿ; ಅದಕ್ಕೆ ಅಂಕ ಕೊಡುವ ಅಧಿಕಾರ ಅತಿಥೇಯ ಶಾಲೆಯ ಶಿಕ್ಷಕರಿಗೇ ಇರಲಿ. ಮಕ್ಕಳ ಚಿತ್ರಗಳನ್ನು ಪ್ರಚಾರಕ್ಕೆ ಬಳಸುವುದಿಲ್ಲವೆಂದು ಕಾಲೇಜು ಮೊದಲು ತಾನೇ ಬರೆದುಕೊಡಲಿ, ಆಮೇಲೆ ನಮ್ಮಿಂದ ಬರೆಸಿಕೊಳ್ಳಲಿ. ಒಂದೇ ತರಗತಿಗೆ ಒಂದೇ ವರ್ಷದಲ್ಲಿ ಎರಡು ತಂಡಗಳನ್ನು ಕಳುಹಿಸಬೇಡಿ. ನಾವು ಬಂದ ಮೇಲೂ ಸಂಪರ್ಕ ಉಳಿಯಬೇಕೆಂದರೆ ಅದು ಕಾಲೇಜಿಗೂ ಶಾಲೆಗೂ ನಡುವೆ ಉಳಿಯಲಿ. ನಮ್ಮ ಬ್ಯಾಚಿನವರು ಚದುರಿಹೋಗುತ್ತೇವೆ, ಸಂಸ್ಥೆಗಳು ಇರುತ್ತವೆ. ಅಲ್ಲಿನ ಶಿಕ್ಷಕರನ್ನೂ ಇಲ್ಲಿಗೆ ಕರೆಸಿ. ಹೋಗುವುದು ಬರುವುದು ಎರಡೂ ಕಡೆಯಿಂದ ನಡೆದರೆ ಹೊರಡುವವರು ಯಾವಾಗಲೂ ನಾವೇ, ಉಳಿಯುವವರು ಯಾವಾಗಲೂ ಅವರೇ ಎಂಬ ಸ್ಥಿತಿ ಸ್ವಲ್ಪವಾದರೂ ಬದಲಾಗುತ್ತದೆ. ಇವುಗಳಲ್ಲಿ ಈ ಕೊನೆಯದಕ್ಕೆ ಮಾತ್ರ ಹಣ ಬೇಕು, ಉಳಿದವಕ್ಕೆ ಒಂದು ಸುತ್ತೋಲೆ ಸಾಕು.

ಪಾರೊದ ಆ ಶಾಲೆಯ ಪ್ರಾಂಶುಪಾಲರಿಗೆ, ತಮ್ಮ ತರಗತಿಯನ್ನು ನನ್ನ ಕೈಗೆ ನಂಬಿ ಕೊಟ್ಟ ಗಣಿತ ಶಿಕ್ಷಕರಿಗೆ, ವಾರಾಂತ್ಯಗಳಲ್ಲಿ ಮನೆಗೆ ಕರೆದು ಊಟ ಬಡಿಸಿದ ಪೋಷಕರಿಗೆ ಈ ಪತ್ರದ ಇಂಗ್ಲಿಷ್ ಸಾರಾಂಶವನ್ನು ಕಳುಹಿಸುತ್ತಿದ್ದೇನೆ. ಅವರಿಗೆ ನಾನು ಹೇಳಬೇಕಾದ ಕೃತಜ್ಞತೆಯನ್ನು ಅಲ್ಲಿಯೇ ಹೇಳಿ ಬಂದಿದ್ದೇನೆ; ಇಲ್ಲಿ ಕನ್ನಡದಲ್ಲಿ ಮತ್ತೊಮ್ಮೆ, ನಮ್ಮ ಜನರೆಲ್ಲ ಓದುವಂತೆ, ಹೇಳುತ್ತೇನೆ. ನಮ್ಮಂಥ ಅರೆಗಲಿತ ಶಿಕ್ಷಕರಿಗೆ ತಮ್ಮ ಮಕ್ಕಳನ್ನು ಒಪ್ಪಿಸಿ, ತಾಳ್ಮೆಯಿಂದ ನಮ್ಮನ್ನು ತಿದ್ದಿದ ಅವರ ಉಪಕಾರ ದೊಡ್ಡದು.

ಮುಂದಿನ ತಂಡ ಹೊರಡುವ ಸಿದ್ಧತೆಯಲ್ಲಿದೆ ಎಂದು ಕೇಳಿದ್ದೇನೆ. ಅವರ ಪಾಠಯೋಜನೆಗಳಿಗೆ ಸಹಿ ಹಾಕುವ ಮೊದಲು, ತಾವು ಅತಿಥೇಯ ಶಾಲೆಗೆ ಒಂದು ಪತ್ರ ಬರೆದು, ಹಿಂದಿನ ತಂಡ ಹೋದ ಮೇಲೆ ಮಕ್ಕಳು ಹೇಗಿದ್ದರು, ಪಾಠ ಎಲ್ಲಿಗೆ ನಿಂತಿತ್ತು, ಈ ಬಾರಿ ಏನು ಬೇರೆಯಾಗಬೇಕು ಎಂದು ಕೇಳಿ, ಅವರ ಉತ್ತರವನ್ನು ಹೊರಡುವ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗಣಿತ ವಿಭಾಗದ ಒಬ್ಬ ಬಿ.ಇಡಿ. ಪ್ರಶಿಕ್ಷಣಾರ್ಥಿ